ಮೇಷ್ಟ್ರು ಹೋಗಿಬರಲಿ ಬಿಡಿ

ನಮ್ಮ ಬೀದಿಯ ಮೇಷ್ಟ್ರಿಗೆ ಈಗ 79. ಮುಂದಿನ ವಾರ ಇಂಗ್ಲೆಂಡಿಗೆ ಹೊರಟಿದ್ದಾರೆ, ಅಲ್ಲಿರುವ ಹಳೇ ಗೆಳೆಯರೊಬ್ಬರನ್ನು ನೋಡೋಕೆ. ಕುವೆಂಪುನಗರದ ನಮ್ಮ ವಾಕಿಂಗ್ ಗುಂಪಿನಲ್ಲಿ ಒಂದೇ ಮಾತು: "ಈ ವಯಸ್ಸಲ್ಲಿ ಯಾಕ್ರೀ ಬೇಕು? ವಿಡಿಯೊ ಕಾಲ್ ಇಲ್ವಾ?"

ಕೇಳಿ ನನಗೆ ತುಂಬಾ ಬೇಜಾರಾಯಿತು.

ಮದ್ದೂರು ಕಡೆಯ ಹಳ್ಳಿ ಹೋಟೆಲಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಕಾಲದಲ್ಲಿ ಮೇಷ್ಟ್ರು ಅದರ ವಿರುದ್ಧ ನಿಂತರು. ಊರವರು ತಿರುಗಿಬಿದ್ದರು, ಮನೆಯವರೂ ಬಾಗಿಲು ಹಾಕಿಕೊಂಡರು. ಆಗ ಮೈಸೂರಲ್ಲಿ ಡಾಕ್ಟರಿಕೆ ಓದುತ್ತಿದ್ದ ಈ ಗೆಳೆಯರು ತಮ್ಮ ರೂಮಿನಲ್ಲಿ ಮೂರು ತಿಂಗಳು ಇಟ್ಟುಕೊಂಡು, ಮೆಸ್ಸಿನ ಊಟ ಹಂಚಿಕೊಂಡು ಸಾಕಿದರು. ಈಗ ಆ ಗೆಳೆಯರಿಗೇ ಮಂಚದಿಂದ ಏಳೋಕೆ ಕಷ್ಟ.

ನನಗೆ ಫ್ರೆಡರಿಕ್ ಡಗ್ಲಾಸ್ ನೆನಪಾದರು. ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಗುಲಾಮಗಿರಿ ವಿರುದ್ಧ ಜೀವನವಿಡೀ ಹೋರಾಡಿದವರು. 1845ರಲ್ಲಿ ಬ್ರಿಟನ್ನಿಗೆ ಹೊರಟಾಗ ಕಪ್ಪು ಜನ ಅಂತ ಹಡಗಿನಲ್ಲಿ ಕ್ಯಾಬಿನ್ನೇ ಕೊಡಲಿಲ್ಲ. ವಾಪಸ್ ಹೋದರೆ ಯಜಮಾನ ಹಿಡಿಸಿಯಾನು ಅನ್ನುವ ಭಯ ಬೇರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಎಲೆನ್ ಮತ್ತು ಅನ್ನಾ ರಿಚರ್ಡ್‌ಸನ್ ಎಂಬ ಇಬ್ಬರು ಹೆಂಗಸರು ಚಂದಾ ಎತ್ತಿಸಿ, ಯಜಮಾನನಿಗೆ 150 ಪೌಂಡ್ ಕಟ್ಟಿಸಿ, 1846ರಲ್ಲಿ ಅವರನ್ನು ಬಿಡಿಸಿದರು. ಮನುಷ್ಯನಿಗೆ ಬೆಲೆ ಕಟ್ಟಿದಂತಾಯಿತು ಅಂತ ಚಳವಳಿಯ ಕೆಲವರೇ ಜಗಳ ತೆಗೆದರು. ಅವರ ಮಾತಲ್ಲೂ ಹುರುಳಿತ್ತು. ಆದರೆ ಡಗ್ಲಾಸ್ ಹೆಂಡತಿ ಮಕ್ಕಳ ಹತ್ತಿರ ಭಯವಿಲ್ಲದೆ ಹೋದದ್ದು ಆ ದುಡ್ಡಿನಿಂದ.

1886ರಲ್ಲಿ, 70ರ ಹತ್ತಿರ ಬಂದಾಗ, ಎರಡನೇ ಹೆಂಡತಿ ಹೆಲೆನ್ ಜೊತೆ ಮತ್ತೆ ಸಮುದ್ರ ದಾಟಿದರು. ರೋಮ್ ನೋಡಿದರು, ಈಜಿಪ್ಟಿನಲ್ಲಿ ಪಿರಮಿಡ್ಡೂ ಹತ್ತಿದರು. ಅದೆಲ್ಲ ಇರಲಿ. ಎಂಬತ್ತರ ಹತ್ತಿರವಿದ್ದ ಎಲೆನ್ ರಿಚರ್ಡ್‌ಸನ್ ಅವರನ್ನು ಕಂಡು ಮಾತಾಡಿಸಿದರಲ್ಲ, ಅದನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು.

ನಾವು ಮೇಷ್ಟ್ರಂಥವರಿಗೆ ಶಾಲು ಹೊದಿಸುತ್ತೇವೆ, ಮೈಸೂರು ಪೇಟ ತೊಡಿಸುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಕಷ್ಟದಲ್ಲಿ ಕೈಹಿಡಿದವರನ್ನು ಒಮ್ಮೆ ನೋಡಿಬರಬೇಕು ಅಂದಾಗ ಮಾತ್ರ ಸುಮ್ನೆ ಮನೆಯಲ್ಲಿರಿ ಅನ್ನುತ್ತೇವೆ. ಯಾಕೆ?

ನಿನ್ನೆ ಅವರ ಮನೆಗೆ ಹೋಗಿದ್ದೆ. ಬ್ಯಾಗಿನಲ್ಲಿ ಬಟ್ಟೆಗಿಂತ ಚಟ್ನಿಪುಡಿ, ಹುರಿಹಿಟ್ಟೇ ಜಾಸ್ತಿ. ನಡುವೆ ಟವೆಲ್ಲಿನಲ್ಲಿ ಸುತ್ತಿದ ಸ್ಟೀಲ್ ಲೋಟ, ಅಂಚು ನೆಗ್ಗಿದೆ. "ರೂಮಿನಲ್ಲಿ ಇದ್ದದ್ದು ಇದೊಂದೇ ಕಣಪ್ಪ. ಇಬ್ಬರೂ ಇದರಲ್ಲೇ ಕಾಫಿ ಕುಡೀತಿದ್ವಿ" ಅಂದರು.

ಬುಧವಾರ ರಾತ್ರಿ ನಾನೇ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತಿಸುತ್ತೇನೆ. ವಾಕಿಂಗ್ ಗುಂಪಿನವರೂ ಬನ್ನಿ, ಮೇಷ್ಟ್ರಿಗೆ ಖುಷಿಯಾಗುತ್ತದೆ.