ಡಬ್ಬಿ ಬ್ಯಾಂಕು ಮುಳುಗಿದ ಕಥೆ

ಬ್ಯಾಂಕುಗಳ ತೊಟ್ಟಿಲೆಂದು ಹೆಸರಾದ ಸೀಮೆಯಲ್ಲಿ ಹುಟ್ಟಿದವನಿಗೆ ದುಡ್ಡಿನ ವ್ಯವಹಾರ ರಕ್ತದಲ್ಲಿಯೇ ಬಂದಿರುತ್ತದೆ ಎಂದು ನಾನು ಹದಿನೆಂಟು ವರ್ಷ ನಂಬಿಕೊಂಡಿದ್ದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕು, ಹೀಗೆ ನಮ್ಮ ಹಿರಿಯರು ತೋಟದಲ್ಲಿ ಅಡಿಕೆ ಸಸಿ ನೆಟ್ಟಷ್ಟೇ ಸಲೀಸಾಗಿ ಬ್ಯಾಂಕುಗಳನ್ನು ನೆಟ್ಟವರು. ನನ್ನ ನಂಬಿಕೆಯಾದರೋ ಕಾಲೇಜು ಸೇರಿದ ಮೊದಲ ತಿಂಗಳ ಹತ್ತೊಂಬತ್ತನೆಯ ತಾರೀಕಿನ ಸಂಜೆ, ಹಂಪನಕಟ್ಟೆಯಿಂದ ಹೊರಟ ಸಿಟಿ ಬಸ್ಸಿನಲ್ಲಿ ತೀರಿಕೊಂಡಿತು. ಕಿಸೆಯಲ್ಲಿ ಏಳು ರೂಪಾಯಿಯಿತ್ತು. ಮೊಬೈಲು ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಎಲ್ಲರಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ತೋರಿಸಿತು. ಕಂಡಕ್ಟರು ಒಂದು ಮಾತೂ ಆಡದೆ ಸೀಟಿ ಊದಿದರು. ನಾನು ಜ್ಯೋತಿ ಸ್ಟಾಪಿನಲ್ಲಿ ಇಳಿದು, ಬಂಟ್ಸ್ ಹಾಸ್ಟೆಲಿನ ದಾರಿಯಾಗಿ ಕದ್ರಿಯ ಬಾಡಿಗೆ ಕೋಣೆಯವರೆಗೆ ಮಳೆಯಲ್ಲಿ ನಡೆದೆ.

ಲೆಕ್ಕ ಬರೆಯದೆ ಹೀಗಾಯಿತೆಂದು ಯಾರೂ ಭಾವಿಸಬಾರದು. ಕೋಣೆಯ ಬಾಡಿಗೆ ಮತ್ತು ಊಟದ ಹಣವನ್ನು ಅಪ್ಪ ನೇರವಾಗಿ ಕಟ್ಟುತ್ತಿದ್ದರು. ನನ್ನ ಕೈಗೆ ಬರುತ್ತಿದ್ದ 3,000 ರೂಪಾಯಿಯನ್ನು ನಾನು ಒಂದನೆಯ ತಾರೀಕಿನಂದೇ ಪುಸ್ತಕದಲ್ಲಿ ಹಂಚಿಟ್ಟಿದ್ದೆ. ಬಸ್ಸಿಗೆ 750, ಸಂಜೆಯ ಬನ್ಸು-ಗೋಳಿಬಜೆಗೆ 600, ಮೊಬೈಲಿಗೆ 300, ಜೆರಾಕ್ಸಿಗೆ 300, ಉಳಿತಾಯಕ್ಕೆ 500. ಮಿಕ್ಕ 550ನ್ನು ಎಲ್ಲಿ ಹಾಕುವುದೆಂದು ತಿಳಿಯದೆ, ಸರಕಾರಿ ನಮೂನೆಗಳಲ್ಲಿ ಕಂಡಿದ್ದ ‘ಇತರೆ’ ಎಂಬ ಗೌರವಾನ್ವಿತ ಪದವನ್ನು ಬರೆದು ಅದರ ಮುಂದೆ ಹಾಕಿದೆ. ಅದೇ ತಪ್ಪಾಯಿತು. ‘ಇತರೆ’ ಎಂಬುದು ನಮ್ಮ ಮನೆಯ ಹಟ್ಟಿಗೆ ಒಂದು ರಾತ್ರಿ ಬಂದು ಸೇರಿಕೊಂಡ ಬೀಡಾಡಿ ಗೂಳಿಯ ಹಾಗೆ ಎಲ್ಲರ ಹುಲ್ಲನ್ನೂ ತಾನೇ ತಿಂದಿತು.

ಬಸ್ಸಿನಲ್ಲಿ ಬಿಟ್ಟ ಕೊಡೆ, ಅದರ ಬದಲಿಗೆ ತಂದ ಕೊಡೆ, ಆ ಕೊಡೆ ಕಡಲ ಗಾಳಿಗೆ ಮಗುಚಿಕೊಂಡ ಮೇಲೆ ತಂದ ಮೂರನೆಯ ಕೊಡೆ, ಇವೆಲ್ಲವೂ ‘ಇತರೆ’. ಜುಲೈ ತಿಂಗಳ ಮಂಗಳೂರಿನಲ್ಲಿ ಒಗೆದ ಪ್ಯಾಂಟು ನಾಲ್ಕು ದಿನವಾದರೂ ಒಣಗದೆ ಅಣಬೆಯ ವಾಸನೆ ಬೀರತೊಡಗಿದಾಗ ಇಸ್ತ್ರಿಯವರಿಗೆ ಕೊಟ್ಟದ್ದೂ ‘ಇತರೆ’. ಹುಟ್ಟಿದ ದಿನವನ್ನು ಬಾಯಿತಪ್ಪಿ ಹೇಳಿದ ಕಾರಣಕ್ಕೆ ಎಂಟು ಮಂದಿಗೆ ಗಡ್‌ಬಡ್ ಐಸ್‌ಕ್ರೀಮು ತಿನ್ನಿಸಬೇಕಾಗಿ ಬಂದದ್ದು ಎಲ್ಲಕ್ಕಿಂತ ದೊಡ್ಡ ‘ಇತರೆ’. ಉದ್ದನೆಯ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿಗಳ ನಡುವೆ ಮೂರು ಬಗೆಯ ಐಸ್‌ಕ್ರೀಮು ಪೇರಿಸಿದ ಆ ಪದಾರ್ಥಕ್ಕೆ ಗಡಿಬಿಡಿ ಎಂಬರ್ಥದ ಹೆಸರು ಏಕೆ ಬಂತೆಂಬುದು ಬಿಲ್ಲು ಬಂದಾಗ ನನಗೆ ಸ್ಪಷ್ಟವಾಯಿತು. ಈ ನಡುವೆ ನನ್ನ ಬ್ಯಾಂಕಿನವರು, ಖಾತೆಯಲ್ಲಿ ಇರಬೇಕಾದಷ್ಟು ಹಣವಿಲ್ಲವೆಂದು ದಂಡ ಹಾಕಿ, ದಂಡದ ಮೇಲೆ ಶೇಕಡಾ 18ರ ಜಿಎಸ್‌ಟಿಯನ್ನೂ ಸೇರಿಸಿ ಕಡಿದುಕೊಂಡರು. ದುಡ್ಡಿಲ್ಲದ ತಪ್ಪಿಗೆ ದುಡ್ಡನ್ನೇ ಕೇಳುವ ಈ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ. ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲದ ಮೂಲ ಉಳಿತಾಯ ಖಾತೆಯನ್ನು ಕೇಳಿದವರಿಗೆ ಬ್ಯಾಂಕುಗಳು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಉಂಟೆಂದು ಕೋಣೆಯ ಜೊತೆಗಾರ ತಿಳಿಸಿದನಾದರೂ, ಅವನು ಅದನ್ನು ತಿಳಿಸಿದ್ದು ದಂಡ ಕಡಿತವಾದ ಮರುದಿನ.

ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಯ ಮುಂದೆ ತೋಡಿಕೊಂಡೆ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದ ಅಜ್ಜಿ, ದಿನವೂ ಮನೆ ಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವರ ಕೈಗೆ ಚಿಲ್ಲರೆ ಹಾಕಿ ಅಮ್ಮನ ಮದುವೆಯ ಬಳೆ ಮಾಡಿಸಿದವರು. ದಿನಕ್ಕೆ ಎರಡಾಣೆಯಾದರೂ ಸಾಕೆಂದು ಮನೆಮನೆಗೆ ಹೋಗಿ ಹಣ ಸಂಗ್ರಹಿಸುವ ಆ ಪದ್ಧತಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ನಮ್ಮ ಈ ನೆಲದಲ್ಲಿಯೇ ಆರಂಭಿಸಿತ್ತು. ಅಜ್ಜಿ ನನ್ನ ಪುಸ್ತಕವನ್ನು ನೋಡಲೂ ಇಲ್ಲ. ಚಕ್ಕುಲಿ ತುಂಬಿಸಿದ ಒಂದು ತಗಡಿನ ಡಬ್ಬಿಯನ್ನು ಕೊಟ್ಟು, “ಇದು ಖಾಲಿಯಾದ ಮೇಲೆ ದಿನಕ್ಕೆ ಇಪ್ಪತ್ತು ರೂಪಾಯಿ ಇದಕ್ಕೆ ಹಾಕು” ಎಂದರು.

ಚಕ್ಕುಲಿ ಎರಡೇ ದಿನದಲ್ಲಿ ಖಾಲಿಯಾದ್ದರಿಂದ ಡಬ್ಬಿ ಬ್ಯಾಂಕು ನಿಗದಿತ ಸಮಯಕ್ಕಿಂತ ಮೊದಲೇ ಉದ್ಘಾಟನೆಗೊಂಡಿತು. ಗ್ರಾಹಕನೂ ನಾನೇ, ಪಿಗ್ಮಿಯವನೂ ನಾನೇ, ಮ್ಯಾನೇಜರನೂ ನಾನೇ. ಹನ್ನೆರಡು ದಿನ ಶಿಸ್ತಿನಿಂದ ನಡೆಯಿತು; ಹದಿಮೂರನೆಯ ದಿನ ಗ್ರಾಹಕನು ಮ್ಯಾನೇಜರನ ಬಳಿ ಬಂದು ನಲವತ್ತು ರೂಪಾಯಿ ಸಾಲ ಕೇಳಿದನು. ಗ್ರಾಹಕನ ಮುಖ ನೋಡಿ ಮ್ಯಾನೇಜರನಿಗೆ ಕನಿಕರ ಹುಟ್ಟಿತು. ಆದರೂ ಕ್ರಮ ಕ್ರಮವೇ ಆದ್ದರಿಂದ, ತೆಗೆದುಕೊಂಡ ಮೊತ್ತ ಹಾಗೂ ತಾರೀಕು ಬರೆದು ಸಹಿ ಮಾಡಿದ ಚೀಟಿಯೊಂದನ್ನು ಡಬ್ಬಿಯೊಳಗೆ ಹಾಕಲಾಯಿತು. ತಿಂಗಳು ಮುಗಿಯುವಾಗ ಡಬ್ಬಿಯಲ್ಲಿ ಹದಿನಾಲ್ಕು ಚೀಟಿಗಳೂ ಒಂದು ಎರಡು ರೂಪಾಯಿಯ ನಾಣ್ಯವೂ ಇದ್ದವು. ನಮ್ಮ ಕಡೆಯ ದೊಡ್ಡ ದೊಡ್ಡ ಬ್ಯಾಂಕುಗಳೇ ವಿಲೀನವಾಗಿರುವಾಗ, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಸೇರಿರುವಾಗ, ನನ್ನದೇನು ಮಹಾ ಎಂದುಕೊಂಡು ಡಬ್ಬಿಯನ್ನು ಜೊತೆಗಾರನ ಹುಂಡಿಯೊಂದಿಗೆ ವಿಲೀನಗೊಳಿಸುವ ಪ್ರಸ್ತಾಪ ಮುಂದಿಟ್ಟೆ. ಅವನು ಚೀಟಿಗಳನ್ನು ಓದಿ ನೋಡಿ, ಹುಂಡಿಯನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದನು.

ದೀಪಾವಳಿಗೆ ಊರಿಗೆ ಹೊರಟಾಗ ಡಬ್ಬಿಯನ್ನು ಹಿಂತಿರುಗಿಸಬೇಕಾಯಿತು. ಕೊಟ್ಟವರ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬುದು ನಮ್ಮಲ್ಲಿನ ಪದ್ಧತಿಯಾದ್ದರಿಂದ, ಚೀಟಿಗಳನ್ನು ಅದರೊಳಗೇ ಬಿಟ್ಟೆ. ಅಜ್ಜಿ ಕನ್ನಡಕ ಏರಿಸಿಕೊಂಡು, ಬೀಡಿಯ ಕಟ್ಟು ಎಣಿಸುವ ವೇಗದಲ್ಲಿ ಒಂದೊಂದನ್ನೂ ಓದಿ, ಬೆರಳುಗಳಲ್ಲಿ ಕೂಡಿಸಿದರು.

“238 ರೂಪಾಯಿ,” ಎಂದರು. “ಅಸಲು ಇಷ್ಟಾಯಿತು. ಬಡ್ಡಿಯ ಚೀಟಿ ಎಲ್ಲಿ ಉಂಟು ಮಾರಾಯ?”