ಗೇಜು ಪುಸ್ತಕದ ಅಂಚಿನಲ್ಲಿ ನಮ್ಮ ಸಂಸಾರ

ನಮ್ಮ ಮನೆಯವರು ತೀರಿಕೊಂಡು 2026ರ ಜನವರಿಗೆ ಒಂದು ವರ್ಷವಾಯಿತು. ಅವರು ಹೋದ ಮರುದಿನ ಊರಿನ ಹುಡುಗರು ಅಭಿಮಾನದಿಂದ ಬಸ್ ನಿಲ್ದಾಣದ ಬಳಿ ಒಂದು ಫ್ಲೆಕ್ಸ್ ಕಟ್ಟಿ, ಅದರಲ್ಲಿ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಮಿತಭಾಷಿ, ಅಜಾತಶತ್ರು’ ಎಂದು ಬರೆಸಿದ್ದರು. ಆ ಹುಡುಗರ ಪ್ರೀತಿಗೆ ನಾನು ಇಂದಿಗೂ ಋಣಿ. ಆದರೆ ಆ ಮೂರು ಮಾತುಗಳಲ್ಲಿ ನನ್ನ ಗಂಡ ನನಗೆ ಕಾಣಲಿಲ್ಲ. ಅವರು ಮಿತಭಾಷಿಯಾಗಿರಲಿಲ್ಲ, ಕಾಲುವೆಯ ದಂಡೆಯ ಮೇಲೆ ಯಾರಾದರೂ ಸಿಕ್ಕರೆ ಮನೆಯಲ್ಲಿ ರೊಟ್ಟಿ ಆರಿ ಗಟ್ಟಿಯಾಗುವವರೆಗೂ ಮಾತಾಡುತ್ತಿದ್ದರು. ಅಜಾತಶತ್ರುವಂತೂ ಖಂಡಿತ ಅಲ್ಲ. ಅವರನ್ನು ಕಂಡರೆ ಆಗದವರು ನಾಲೆಯ ಮೇಲ್ಭಾಗದ ಉದ್ದಕ್ಕೂ ಇದ್ದರು, ಮತ್ತು ಆ ಹಗೆತನವನ್ನು ಅವರು ತಮ್ಮ ಕೆಲಸದಿಂದಲೇ ಸಂಪಾದಿಸಿದ್ದರು. ತೀರಿಹೋದವರಿಗೆ ಒಳ್ಳೆಯ ಮಾತು ಹೇಳುವ ಅವಸರದಲ್ಲಿ ಅವರು ಮಾಡಿದ ಕೆಲಸವನ್ನೇ ನಾವು ಅಳಿಸಿಬಿಡುತ್ತೇವೆ ಎಂಬ ಬೇಸರ ನನಗೆ ವರ್ಷದಿಂದಲೂ ಇದೆ. ಆದ್ದರಿಂದ ಅವರ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಗೇಟು ತಿರುಗಿಸಿ ಹೊಲಗಳಿಗೆ ನೀರು ಹಂಚುವ ಗ್ಯಾಂಗ್‌ಮನ್ ಆಗಿದ್ದರು. ಸಿಂಧನೂರು ತಾಲ್ಲೂಕಿನ ನಮ್ಮ ಭಾಗದ ಒಂದು ವಿತರಣಾ ನಾಲೆ ಅವರ ಪಾಲಿಗೆ ಬಂದಿತ್ತು. ಮುನಿರಾಬಾದಿನಲ್ಲಿ ಹೊರಡುವ ಮುಖ್ಯ ನಾಲೆ ಕೊಪ್ಪಳ ಜಿಲ್ಲೆಯನ್ನು ಹಾದು 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಬರುತ್ತದೆ. ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳನ್ನೇ ಹೆಚ್ಚಾಗಿ ಲೆಕ್ಕಕ್ಕೆ ಹಿಡಿದು ರೂಪಿಸಿದ ನಾಲೆ ಅದು. ಮೇಲ್ಭಾಗದಲ್ಲಿ ಭತ್ತವೇ ಭತ್ತವಾದ ಮೇಲೆ ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಪ್ರತಿ ವರ್ಷ ರಸ್ತೆಗೆ ಇಳಿಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮುಖ್ಯ ನಾಲೆಯ ಈ ಜಗಳವೇ ಸಣ್ಣ ಆಕಾರದಲ್ಲಿ ಪ್ರತಿಯೊಂದು ವಿತರಣಾ ನಾಲೆಯಲ್ಲಿಯೂ, ಪ್ರತಿಯೊಂದು ಸೀಳುಗಾಲುವೆಯಲ್ಲಿಯೂ ನಡೆಯುತ್ತದೆ. ಆ ಜಗಳದ ನಡುವೆ, ಕೈಯಲ್ಲಿ ಒಂದು ಬ್ಯಾಟರಿ ಮತ್ತು ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಹಿಡಿದುಕೊಂಡು ರಾತ್ರಿ ಎರಡು ಗಂಟೆಗೆ ಒಬ್ಬನೇ ನಿಂತಿರುವವನು ಗ್ಯಾಂಗ್‌ಮನ್.

1988ರಲ್ಲಿ ಅವರು ದಿನಗೂಲಿಯ ಮೇಲೆ ಸೇರಿದರು. 2019ರಲ್ಲಿ ಕೆಲಸ ಬಿಡುವವರೆಗೂ ಖಾಯಂ ಆಗಲಿಲ್ಲ. ನಡುವೆ ಗುತ್ತಿಗೆಯ ಪದ್ಧತಿ ಬಂದಾಗ ಐದು ತಿಂಗಳ ಕೂಲಿ ಒಟ್ಟಿಗೇ ಬಾಕಿ ಉಳಿದದ್ದೂ ಉಂಟು. ಮನೆ ನಡೆದದ್ದು ನನ್ನ ಪ್ರಾಥಮಿಕ ಶಾಲೆಯ ಸಂಬಳದಲ್ಲಿ. ಇದನ್ನು ಹೇಳಿಕೊಳ್ಳಲು ಅವರಿಗೆ ಎಂದೂ ಸಂಕೋಚವಿರಲಿಲ್ಲ. ಶಾಲೆಯ ಮಕ್ಕಳು ನನ್ನನ್ನು ‘ಅಕ್ಕೋರ’ ಎಂದು ಕರೆಯುತ್ತಿದ್ದಂತೆಯೇ ಅವರೂ ಕರೆಯುತ್ತಿದ್ದರು. ಮೂವತ್ಮೂರು ವರ್ಷಗಳಲ್ಲಿ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಬೆರಳೆಣಿಕೆಯಷ್ಟು ಸಲ.

ಕಾಲುವೆಗೆ ನೀರು ಬಂದಿತೆಂದರೆ ಅವರು ಮನೆಯವರಲ್ಲ, ಕಾಲುವೆಯವರು. ಬೆಳಿಗ್ಗೆ ಆರಕ್ಕೆ ಗೇಜು, ಅಂದರೆ ನಾಲೆಯಲ್ಲಿ ನೀರು ಎಷ್ಟು ಎತ್ತರ ಇದೆ ಎಂದು ತೋರಿಸುವ ಅಳತೆಪಟ್ಟಿ, ನೋಡಬೇಕು, ಸಂಜೆ ಆರಕ್ಕೆ ಮತ್ತೆ ನೋಡಬೇಕು. ದಂಡೆಯ ಕೆಳಗೆ ಯಾರಾದರೂ ಪೈಪು ಹೂತಿದ್ದಾರೆಯೇ, ಮರಳು ಚೀಲ ಅಡ್ಡ ಇಟ್ಟು ನೀರು ಎತ್ತರಿಸಿದ್ದಾರೆಯೇ, ಮೋಟಾರು ಇಳಿಸಿದ್ದಾರೆಯೇ ಎಂದು ನಡೆದೇ ನೋಡಬೇಕು. ಮೋಟಾರು ಇಳಿಸಿದವರು ಪರಕೀಯರಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರೆಲ್ಲ ಮದುವೆಗೆ ಕರೆದವರು, ಹಬ್ಬಕ್ಕೆ ಹೋಳಿಗೆ ಕಳಿಸಿದವರು. ಒಮ್ಮೆ ಹೀಗೆ ಅಡ್ಡ ಇಟ್ಟ ಚೀಲಗಳನ್ನು ಕಿತ್ತದ್ದಕ್ಕೆ ಅವರ ಸೈಕಲ್ಲನ್ನು ಯಾರೋ ನಾಲೆಗೆ ಎಸೆದಿದ್ದರು. ಎಸೆದವರು ಯಾರೆಂದು ಅವರಿಗೆ ಗೊತ್ತಿತ್ತು. ಮುಂದಿನ ಪಾಳಿಯಲ್ಲಿ ಅದೇ ಮನೆಯ ಹೊಲಕ್ಕೆ ಸಲ್ಲಬೇಕಾದ ನೀರನ್ನು ಒಂದು ಗಳಿಗೆಯೂ ಕಡಿಮೆ ಮಾಡದೆ ಬಿಟ್ಟು ಬಂದರು. ನಾನು ಕೇಳಿದ್ದಕ್ಕೆ, ‘ಸೈಕಲ್ ನಂದು ಅಕ್ಕೋರ, ನೀರು ನಂದಲ್ಲ’ ಎಂದಿದ್ದರು.

ಅವರ ಬಗ್ಗೆ ನನಗೆ ಸಿಟ್ಟು ಬಂದ ಕಾಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಾನೂ ಫ್ಲೆಕ್ಸ್ ಬರೆದಂತೆ ಆಗುತ್ತದೆ. ನಮಗೆ ಎರಡು ಎಕರೆ ಹೊಲವಿತ್ತು, ಅದೂ ಅವರದೇ ನಾಲೆಯ ಕೊನೆಯಲ್ಲಿ. 2003ರಲ್ಲಿ ಅಣೆಕಟ್ಟಿಗೆ ನೀರು ಕಡಿಮೆ ಬಂದು, ತೆನೆ ಕಟ್ಟುವ ಹೊತ್ತಿಗೆ ನಮ್ಮ ಬೆಳೆ ಸೊರಗಿ ನಿಂತಿತು. ಮಗಳು ಹೈಸ್ಕೂಲಿಗೆ ಹೋಗುವ ವಯಸ್ಸಿಗೆ ಬರುತ್ತಿದ್ದಳು, ಮಗನಿಗೆ ಆರು ವರ್ಷ. ಒಂದೇ ಒಂದು ರಾತ್ರಿ ಗೇಟನ್ನು ಎರಡು ಸುತ್ತು ಹೆಚ್ಚು ಎತ್ತಿದರೆ ನಮ್ಮ ಹೊಲ ಉಳಿಯುತ್ತದೆ ಎಂದು ನಾನು ಬೇಡಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಎತ್ತಬಹುದು. ಆದ್ರ ಪುಸ್ತಕದಾಗ ಸುಳ್ಳು ಬರೀಬೇಕಾಗ್ತದ’ ಎಂದರು. ಬೆಳೆ ಒಣಗಿತು. ನಾನು ಎಂಟು ದಿನ ಮಾತು ಬಿಟ್ಟೆ. ಇಂದಿಗೂ ನನ್ನ ಸಿಟ್ಟು ತಪ್ಪಾಗಿತ್ತೆಂದು ನನಗೆ ಅನ್ನಿಸುವುದಿಲ್ಲ, ಮಕ್ಕಳನ್ನು ಓದಿಸಬೇಕಾದ ತಾಯಿಗೆ ಆ ಸಿಟ್ಟು ಬರಲೇಬೇಕಿತ್ತು. ಅವರು ಮಾಡಿದ್ದೂ ತಪ್ಪಾಗಿರಲಿಲ್ಲ. ಎರಡೂ ಸರಿಯಾಗಿರುವ ಜಗಳವನ್ನು ಹೇಗೆ ಮುಗಿಸಬೇಕೆಂದು ತಿಳಿಯದೆ, ಒಂಬತ್ತನೆಯ ದಿನ ಅವರು ಪುಂಡಿಪಲ್ಲೆಯ ಒಂದು ಕಟ್ಟು ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟರು, ನಾನು ಪಲ್ಯ ಮಾಡಿದೆ.

ಆ ‘ಪುಸ್ತಕ’ದ ಮಾತು ಹೇಳಲೇಬೇಕು. ಸರ್ಕಾರಿ ಗೇಜು ಪುಸ್ತಕ ಕಚೇರಿಗೆ ಹೋಗುತ್ತಿತ್ತು. ಅದರ ಒಂದು ಪ್ರತಿಯನ್ನು ಅವರು ಮನೆಯಲ್ಲಿ ತಮಗಾಗಿ ಬರೆದಿಡುತ್ತಿದ್ದರು. ನನ್ನ ಶಾಲೆಯ ಮಕ್ಕಳು ಅರ್ಧ ಬರೆದು ಬಿಟ್ಟ ನೋಟುಪುಸ್ತಕಗಳ ಉಳಿದ ಹಾಳೆಗಳನ್ನು ದಾರ ಹಾಕಿ ಹೊಲಿದು ಮಾಡಿಕೊಂಡ ಪುಸ್ತಕಗಳವು, ವರ್ಷಕ್ಕೊಂದು. ಎಡಕ್ಕೆ ತಾರೀಖು, ನಡುವೆ ಬೆಳಗಿನ ಮತ್ತು ಸಂಜೆಯ ಗೇಜು, ಬಲಕ್ಕೆ ಯಾವ ಗೇಟು ಎಷ್ಟು ಎತ್ತಿದ್ದು. ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ನಮ್ಮ ಸಂಸಾರ. 1993ರ ಒಂದು ಆಗಸ್ಟ್ ದಿನದ ಎದುರಿಗೆ ‘ಗೇಜು 3.2 ಅಡಿ. ಮಗಳು ಹುಟ್ಟಿದಳು. ಸಂಜೆ ಗೇಜು ನೋಡಲು ತಡವಾಯಿತು’ ಎಂದಿದೆ. ಅವ್ವ ತೀರಿಕೊಂಡದ್ದು, ಮಗ ನಾಲೆಯಲ್ಲಿ ಈಜು ಕಲಿತದ್ದು, ನನಗೆ ಮುಖ್ಯಗುರುಗಳ ಜಾಗ ಸಿಕ್ಕದ್ದು, ಎಲ್ಲವೂ ಒಂದೊಂದು ಸಾಲಿನಲ್ಲಿ ನೀರಿನ ಲೆಕ್ಕದ ಪಕ್ಕದಲ್ಲಿ ಇವೆ. ಜಗಳದ ಆ ಎಂಟು ದಿನಗಳ ಎದುರಿಗೂ ಒಂದು ಸಾಲು ಇತ್ತೆಂಬುದನ್ನು ನಾನು ಅವರು ಹೋದ ಮೇಲೆ ಓದಿದೆ: ‘ಅಕ್ಕೋರು ಮಾತಾಡಿಲ್ಲ.’ ಎಂಟು ಸಲ, ಎಂಟು ತಾರೀಖಿನ ಎದುರಿಗೆ.

2023ರಲ್ಲಿ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಈ ರೋಗದ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ಮೂತ್ರ ಕಟ್ಟಿಹೋದ ರೋಗಿ ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲಿಯೇ ನಿಲ್ಲುತ್ತದೆ, ಕಾಲು ಬಾಯುತ್ತದೆ, ಶ್ವಾಸಕೋಶಕ್ಕೆ ನೀರು ಏರಿ ಉಸಿರು ಕಟ್ಟುತ್ತದೆ. ಆದ್ದರಿಂದ ವೈದ್ಯರು ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಹಾಕಿಕೊಡುತ್ತಾರೆ. ನಮ್ಮವರಿಗೆ ಬಂದ ಅಳತೆ 700 ಮಿಲಿಲೀಟರ್. ಅದರಲ್ಲಿಯೇ ಚಹಾ, ಅದರಲ್ಲಿಯೇ ಮಜ್ಜಿಗೆ, ಅದರಲ್ಲಿಯೇ ಗುಳಿಗೆ ನುಂಗುವ ಗುಟುಕು. ಸಿಂಧನೂರಿನ ಏಪ್ರಿಲ್ ತಿಂಗಳ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ಸಾವಿರಾರು ಎಕರೆಗೆ ನೀರು ಅಳೆದುಕೊಟ್ಟ ಮನುಷ್ಯ, ಒಂದು ಸ್ಟೀಲಿನ ಚೊಂಬಿನ ಒಳಗೆ ಮೊಳೆಯಿಂದ ಗೀಟು ಗೀಚಿಕೊಂಡು, ತಮ್ಮ ಪಾಲಿನ ನೀರನ್ನು ಬೆಳಿಗ್ಗೆಯೇ ತುಂಬಿಟ್ಟುಕೊಂಡು ದಿನವಿಡೀ ಸಾಗಿಸುತ್ತಿದ್ದರು. ಕಣ್ಣೀರು ತಡೆಯಲಾರದೆ ನಾನು ಒಂದು ದಿನ ಆ ಗೀಟಿನ ಮೇಲೆ ಎರಡು ಬೆರಳಷ್ಟು ಹೆಚ್ಚು ತುಂಬಿಟ್ಟೆ. ಅವರು ಚೊಂಬನ್ನು ಬಗ್ಗಿಸಿ, ಹೆಚ್ಚಾದ ನೀರನ್ನು ತುಳಸಿಕಟ್ಟೆಗೆ ಹಾಕಿ, ಏನನ್ನೂ ಹೇಳದೆ ಒಳಗೆ ಬಂದರು.

ಡಯಾಲಿಸಿಸ್‌ಗಾಗಿ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ಕೂಡಿಸಿ ಹೊಲಿಯುವುದರಿಂದ ಅಲ್ಲಿ ರಕ್ತ ರಭಸವಾಗಿ ಹರಿಯುತ್ತದೆ, ಮುಟ್ಟಿದರೆ ಜುಮ್ ಎನ್ನುತ್ತದೆ, ಕಿವಿಯಿಟ್ಟರೆ ಭೋರ್ಗರೆಯುವ ಸದ್ದು ಕೇಳುತ್ತದೆ. ಮಗಳು ಬೆಂಗಳೂರಿನಿಂದ ಬಂದಾಗ ಅವಳ ಕಿವಿಯನ್ನು ತೋಳಿನ ಹತ್ತಿರ ಎಳೆದುಕೊಂಡು, ‘ಕೇಳವ್ವಾ, ಗೇಟಿನ ಬುಡದಾಗ ನೀರು ಹೊಂಟಂಗ ಇಲ್ಲೇನು?’ ಎಂದು ಕೇಳಿದರು. ಸಣ್ಣವಳಿದ್ದಾಗ ಅವರ ಹೆಗಲ ಮೇಲೆ ಕುಳಿತು ಆ ಸದ್ದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದವಳು ಅವಳು. ತೋಳಿನಿಂದ ಕಿವಿ ತೆಗೆಯದೆ ಬಹಳ ಹೊತ್ತು ಹಾಗೆಯೇ ಕುಳಿತಳು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಸುದ್ದಿ ತಿಳಿದಾಗಿನಿಂದ ಅವರು ಮಲಗಲಿಲ್ಲ. ರಭಸವಾಗಿ ಹೊರಹೋಗುವ ನೀರನ್ನು ಟಿವಿಯಲ್ಲಿ ನೋಡುತ್ತ, ‘ಇದು ಕೊನೀ ಹೊಲದ ನೀರು, ಮೊದಲು ಹೋಗೂದು ಅದೇ’ ಎಂದು ಹಲುಬುತ್ತಿದ್ದರು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದ ದಿನ ಅವರು ಚೊಂಬಿನಲ್ಲಿ ಉಳಿದಿದ್ದ ಪಾಲಿನಿಂದ ಚಹಾ ಮಾಡಿಸಿಕೊಂಡು ಕುಡಿದರು.

ಆ ವಾರದಲ್ಲಿಯೇ ಅವರು ನನಗೆ ಒಂದು ಮಾತು ಹೇಳಿದ್ದು. 1989ರ ಪುಸ್ತಕದಲ್ಲಿ ಮೂರು ದಿನಗಳ ಜಾಗ ಖಾಲಿ ಇರುವುದನ್ನು ನಾನು ಹಿಂದೆಯೇ ಗಮನಿಸಿದ್ದೆ. ಜ್ವರ ಬಂದಿರಬೇಕು ಎಂದುಕೊಂಡಿದ್ದೆ. ಜ್ವರವಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವರು, ಮೇಲ್ಭಾಗದ ದೊಡ್ಡ ಹಿಡುವಳಿಯ ಸಂಬಂಧಿಕರೊಬ್ಬರ ಮಾತಿಗೆ ಕಟ್ಟುಬಿದ್ದು ಮೂರು ರಾತ್ರಿ ಕೆಳಗಿನ ಗೇಟನ್ನು ಇಳಿಸಿಬಿಟ್ಟಿದ್ದರು. ಕೊನೆಯ ಹೊಲದ ಮುದುಕರೊಬ್ಬರ ಬೆಳೆ ಆ ವಾರದಲ್ಲಿ ಕೈಬಿಟ್ಟಿತು, ಸಂತೆಯಲ್ಲಿ ಎತ್ತು ಮಾರಿದರು. ಆ ಮುದುಕರಿಗೆ ಕಾರಣ ಗೊತ್ತಾಗಲೇ ಇಲ್ಲ. ಇವರಿಗೆ ಹೇಳುವ ಧೈರ್ಯ ಬರಲೇ ಇಲ್ಲ. ಪ್ರತಿ ವರ್ಷ ನಾಲೆಗೆ ನೀರು ಬಿಟ್ಟ ದಿನ ಇವರು ಎಲ್ಲಕ್ಕಿಂತ ಮೊದಲು ಆ ಹೊಲದ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದುದು ಏಕೆಂದು ನನಗೆ ಮೂವತ್ಮೂರು ವರ್ಷಗಳ ಮೇಲೆ ತಿಳಿಯಿತು. 2003ರಲ್ಲಿ ನಮ್ಮ ಬೆಳೆ ಏಕೆ ಒಣಗಿತೆಂಬುದೂ ಆಗಲೇ ತಿಳಿಯಿತು. ಅವರು ಹುಟ್ಟಿನಿಂದ ಪ್ರಾಮಾಣಿಕರಾಗಿದ್ದರು ಎಂದು ಯಾರಾದರೂ ಹೊಗಳಿದರೆ ನನಗೆ ಒಪ್ಪಿಗೆಯಿಲ್ಲ. ಪ್ರಾಮಾಣಿಕತೆಯನ್ನು ಅವರು ಒಬ್ಬ ಮುದುಕರ ಎತ್ತುಗಳ ಬೆಲೆಗೆ ಕಲಿತರು ಮತ್ತು ಆ ಸಾಲವನ್ನು ದಿನಗೂಲಿಯಲ್ಲಿಯೇ, ಕಂತಿನಲ್ಲಿ, ಮೂವತ್ತು ವರ್ಷ ತೀರಿಸಿದರು. ನನಗೆ ಈ ಮನುಷ್ಯನ ಮೇಲೆ ಇರುವ ಗೌರವ ಇದರಿಂದ ಹೆಚ್ಚಾಯಿತೇ ಹೊರತು ಒಂದು ಗುಂಜಿಯೂ ಕಡಿಮೆಯಾಗಲಿಲ್ಲ.

2025-26ರಲ್ಲಿ ಅಣೆಕಟ್ಟಿನ 33 ಗೇಟುಗಳನ್ನೂ ಬದಲಿಸಬೇಕಾಗಿದ್ದುದರಿಂದ ಎರಡನೇ ಬೆಳೆಗೆ ನೀರಿರಲಿಲ್ಲ, ನಾಲೆ ಬರಿದಾಗಿತ್ತು. ಹೊಸ ಗೇಟುಗಳು ಬರಬೇಕಾದದ್ದೇ. ಹಾಗೆಯೇ, ಆ ನೀರನ್ನು ಹೊಲದವರೆಗೆ ಮುಟ್ಟಿಸುವ ಗ್ಯಾಂಗ್‌ಮನ್‌ಗಳಿಗೆ ತಿಂಗಳು ತಿಂಗಳಿಗೆ ಸರಿಯಾಗಿ ಕೂಲಿ, ರಾತ್ರಿ ಹಾವು-ಚೇಳಿನ ದಾರಿಯಲ್ಲಿ ನಡೆಯಲು ಒಂದು ಜೊತೆ ಬೂಟು, ಒಂದು ಒಳ್ಳೆಯ ಬ್ಯಾಟರಿ ಸಿಗಬೇಕೆಂದು ನಾನು ಗಟ್ಟಿಯಾಗಿ ಕೇಳುತ್ತೇನೆ. ಹಸಿದವನ ಕೈಗೆ ಗೇಟು ಕೊಟ್ಟು ನ್ಯಾಯ ಕೇಳುವುದು ನ್ಯಾಯವಲ್ಲ.

ಸಂಕ್ರಾಂತಿಯ ಮರುದಿನ ಮಗನ ಜೊತೆ ಹೊಲಕ್ಕೆ ಹೋಗಿದ್ದೆ. ಅವರನ್ನು ಮಣ್ಣು ಮಾಡಿದ್ದು ಅಲ್ಲಿಯೇ, ಆ ಎರಡು ಎಕರೆಯಲ್ಲಿ. ತಿರುಗಿ ಬಂದ ಮೇಲೆ ಕೊನೆಯ ಪುಸ್ತಕವನ್ನು ಮತ್ತೆ ತೆರೆದೆ. ಕೆಲಸ ಬಿಟ್ಟ ಮೇಲೆ ಗೇಜು ಬರೆಯುವುದು ನಿಂತಿತ್ತು. ರೋಗ ಬಂದ ಮೇಲೆ ಅದೇ ಪುಸ್ತಕದಲ್ಲಿ ತಾವು ಕುಡಿದ ನೀರಿನ ಲೆಕ್ಕ ಬರೆಯತೊಡಗಿದ್ದರು. ಕಟ್ಟಕಡೆಯ ಪುಟದಲ್ಲಿ ತಾರೀಖಿನ ಎದುರಿಗೆ ‘650’ ಎಂದಿದೆ. ಐವತ್ತು ಮಿಲಿಲೀಟರ್ ಉಳಿಸಿದ್ದಾರೆ. ಅಂಚಿನಲ್ಲಿ, ನಡುಗುವ ಪೆನ್ಸಿಲ್ ಅಕ್ಷರದಲ್ಲಿ, ‘ನಾಲೆಗೆ ನೀರು ಬಂದಿದೆಯಂತೆ. ಕೆಳಗೆ ಮುಟ್ಟಿತೋ ಇಲ್ಲವೋ, ಮಗನನ್ನು ಕಳಿಸಿ ನೋಡಿಸಬೇಕು’ ಎಂದು ಬರೆದಿದ್ದಾರೆ.