ಪ್ರಣಾಳಿಕೆಯಲ್ಲಿ ಸಾಲದ ಪುಟ ಯಾಕಿಲ್ಲ?

ಚುನಾವಣೆ ಹತ್ತಿರ ಬಂದರೆ ಏನೇನು ಕೊಡುತ್ತೇವೆ ಅಂತ ಎಲ್ಲಾ ಪಕ್ಷದವರೂ ಹೇಳುತ್ತಾರೆ. ಅದಕ್ಕೆ ಎಷ್ಟು ಸಾಲ ಮಾಡುತ್ತೇವೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇಷ್ಟೇ.

2023ರಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿ ಹಿಡಿದು ಬಂತು. ಬಿಜೆಪಿ ಬಿಪಿಎಲ್ ಮನೆಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು ಅಂದಿತು. ಜೆಡಿಎಸ್ ಮೂರಲ್ಲ, ಐದು ಸಿಲಿಂಡರ್ ಅಂದಿತು. ದುಡ್ಡು ಎಲ್ಲಿಂದ ತರುತ್ತೀರಿ ಅಂತ ಬರೆಯಬೇಕು ಎಂಬುದು ಚುನಾವಣಾ ಆಯೋಗದ ನೀತಿ ಸಂಹಿತೆಯಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಆಯೋಗ ಅದಕ್ಕೊಂದು ನಮೂನೆಯನ್ನೂ ಮುಂದಿಟ್ಟಿತ್ತು. ಯಾರಿಗೆ ಬೇಕಿತ್ತು ಹೇಳಿ?

2025-26ರ ರಾಜ್ಯ ಬಜೆಟ್ ನೋಡಿ. ಒಟ್ಟು 4.09 ಲಕ್ಷ ಕೋಟಿ. ಅದರಲ್ಲಿ ಸಾಲವೇ 1.16 ಲಕ್ಷ ಕೋಟಿ, ಅಂದರೆ ನೂರು ರೂಪಾಯಿಗೆ ಸುಮಾರು 28. ಹಳೆ ಸಾಲದ ಅಸಲು ತೀರಿಸುವುದಕ್ಕೇ 26,474 ಕೋಟಿ ಇಟ್ಟಿದ್ದಾರೆ. ನಮ್ಮ ಕಡೆ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ ಬಂತು ಅಂದರೆ ಮಂಡಿಯಲ್ಲೋ ನೆಂಟರ ಹತ್ತಿರವೋ ಕೈಗಡ ತಂದು ಸೊಸೈಟಿ ಸಾಲ ಕಟ್ಟುವುದು, ಆಮೇಲೆ ಹೊಸ ಸಾಲ ತೆಗೆದು ಕೈಗಡ ತೀರಿಸುವುದು. ಪುಸ್ತಕದಲ್ಲಿ ಎಲ್ಲಾ ಚೊಕ್ಕ. ಸಾಲ ಮಾತ್ರ ಇದ್ದಲ್ಲೇ ಇರುತ್ತದೆ.

ಸಾಲವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಮಕ್ಕಳು ಕಾಲುಸಂಕ ದಾಟಿ ಶಾಲೆಗೆ ಹೋಗುವ ಊರುಗಳು ಮಲೆನಾಡಿನಲ್ಲಿ ಇನ್ನೂ ಇವೆ. ಸಾಲ ತಂದು ಅಲ್ಲೊಂದು ಗಟ್ಟಿ ಸೇತುವೆ ಕಟ್ಟಿ, ಖುಷಿಯಿಂದ ತೆರಿಗೆ ಕಟ್ಟುತ್ತೇನೆ. ಆ ಸೇತುವೆ ಮೇಲೆ ಓಡಾಡುವವರೇ ಮುಂದೆ ಅದನ್ನು ತೀರಿಸುತ್ತಾರೆ. ಆದರೆ ಅದೇ ಬಜೆಟ್‌ನಲ್ಲಿ 19,262 ಕೋಟಿ ರಾಜಸ್ವ ಕೊರತೆ ಇದೆ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಅಂತ ದಿನದ ಖರ್ಚು ತೂಗಿಸುವುದಕ್ಕೂ ಸಾಲ ಬೇಕಾಗಿದೆ ಅಂತ ಅರ್ಥ. ಭಯ ಆಗುವುದು ಇದಕ್ಕೆ.

(ಒಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ತೀರ್ಥಹಳ್ಳಿ, ಹೊಸನಗರ ಕಡೆ ಜಾಸ್ತಿ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಇಲ್ಲಿನ ಹೆಂಗಸರು ಟಿಕೆಟ್ಟಿಗೂ ದುಡ್ಡು ಕೊಡಬೇಕು, ರಾಜ್ಯದ ಸಾಲದಲ್ಲೂ ಪಾಲು ಹೊರಬೇಕು.)

ಕಾನೂನು ಇಲ್ಲವಾ ಅಂದರೆ, ಇದೆ. 2002ರಲ್ಲೇ ನಮ್ಮ ರಾಜ್ಯ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ಒಟ್ಟು ಸಾಲ ರಾಜ್ಯದ ಜಿಡಿಪಿಯ ಶೇ 25 ದಾಟಬಾರದು. ಈ ಬಜೆಟ್‌ನಲ್ಲಿ ಅದು ಶೇ 24.91. ಬೇಲಿಗೆ ಮೈ ತಾಗುತ್ತಿದೆ ಮಾರಾಯ್ರೆ! ವಿರೋಧ ಪಕ್ಷದವರು ದಿವಾಳಿ ಅಂತ ಕೂಗುತ್ತಾರೆ. ಅವರ ಸರ್ಕಾರ ಇದ್ದಾಗ, 2020ರ ಕೊರೊನಾ ವರ್ಷದಲ್ಲಿ, ವರ್ಷದ ಸಾಲದ ಮಿತಿಯನ್ನು ರಾಜ್ಯದ ಜಿಡಿಪಿಯ ಶೇ 3ರಿಂದ 5ಕ್ಕೆ ಏರಿಸಲು ಇದೇ ಕಾಯ್ದೆ ತಿದ್ದಿದ್ದರು. ಅವತ್ತು ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಬೇಲಿ ಸರಿಸುವುದು ಎಷ್ಟು ಸುಲಭ ಅಂತ ಆಗ ಗೊತ್ತಾಯಿತು.

ಹಾಗಾಗಿ ನನಗೆ ಬೇಕಾಗಿರುವುದು ಒಂದೇ ಪುಟ. ಐದು ವರ್ಷದಲ್ಲಿ ಎಷ್ಟು ಸಾಲ, ಅದರಲ್ಲಿ ಕಟ್ಟುವ ಕೆಲಸಕ್ಕೆ ಎಷ್ಟು, ಹಂಚುವುದಕ್ಕೆ ಎಷ್ಟು, ಬಡ್ಡಿ ಎಲ್ಲಿಂದ. ಇಂಥ ಲೆಕ್ಕ ಅಚ್ಚು ಹಾಕಿಸಿದ ಯಾವುದಾದರೂ ಪಕ್ಷದ ಪ್ರಣಾಳಿಕೆ ನಿಮ್ಮ ಹತ್ತಿರ ಇದ್ದರೆ ಕಾಮೆಂಟಿನಲ್ಲಿ ಫೋಟೊ ಹಾಕಿ. ಯಾವ ಪಕ್ಷದ್ದಾದರೂ ಸರಿ, ನಾನೇ ಶೇರ್ ಮಾಡುತ್ತೇನೆ.